ತಡವಾಗಿ ಶುರುವಾದ ಪದ್ಯ

ಭಾನುವಾರ, ಮಾರ್ಚ್ 9
ಮಧ್ಯಾಹ್ನ ಮೂರು ಗಂಟೆ

ಇವಳೇ,

ಹೀಗೆ ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ‘ಶ್ರೀಮತಿ’ ಎಂದು ಬರೆದಾಗ ನನಗೇ ನಗು ಬಂತು. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹನ್ನೊಂದು ವರ್ಷ ಹೇಗೆ ಕರೆದೆನೋ ಹಾಗೇ ಬರೆದಿದ್ದೇನೆ. ಬೇಡವೆನಿಸಿದರೆ ಆ ಒಂದು ಪದ ಬಿಟ್ಟು ಉಳಿದದ್ದನ್ನು ಓದು.

ಕಾಗದವನ್ನು ನಿನ್ನ ಅಕ್ಕನ ಮನೆಗೇ ಕಳಿಸುತ್ತಿದ್ದೇನೆ. ನಿನ್ನ ಭಾವನ ಕೈಗೆ ಸಿಕ್ಕರೂ ಹರಿದುಹಾಕದೆ ನಿನಗೆ ತಲುಪಿಸುತ್ತಾರೆ. ಅವರಿಗೆ ನನ್ನ ಮೇಲೆ ಸಿಟ್ಟಿಲ್ಲ, ಗೌರವ. ನಿಮ್ಮ ಮನೆಯವರಿಗೆಲ್ಲ ನಾನು ದೊಡ್ಡ ಮನಸ್ಸಿನವನು. ಈ ಕಾಗದ ಬರೆಯುವುದು ಇಷ್ಟು ಕಷ್ಟವಾಗಿರುವುದಕ್ಕೆ ಅದೂ ಒಂದು ಕಾರಣ.

ವಿಷಯ ಏನೆಂದರೆ, ನಾನು ಪದ್ಯ ಬರೆಯುವುದನ್ನು ಕಲಿಯುತ್ತಿದ್ದೇನೆ. ಈತ ಕಲಿಯುವುದೇನಿದೆ, ಪ್ರಾಸ ಹೊಸೆಯುವುದರಲ್ಲಿ ಎತ್ತಿದ ಕೈಯಲ್ಲವೇ ಎಂದು ನೀನು ಮೂಗು ಮುರಿಯುವುದು ಇಲ್ಲಿಂದಲೇ ಕಾಣುತ್ತಿದೆ. ನಿವೃತ್ತನಾಗುವ ಫೋರ್‌ಮನ್‌ಗೆ ಹನ್ನೆರಡು ಸಾಲು, ವರ್ಗವಾಗುವ ಮ್ಯಾನೇಜರಿಗೆ ಹದಿನಾರು, ಕೇಳಿದವರಿಗೆಲ್ಲ ಪುಕ್ಕಟೆ. ಈಗ ಕಲಿಯುತ್ತಿರುವುದು ಅದಲ್ಲ. ಪ್ರಾಸವೂ ಇಲ್ಲದ, ಲೆಕ್ಕದ ಮಾತ್ರೆಯೂ ಇಲ್ಲದ ಮುಕ್ತಛಂದ. ಹೆಸರು ಕೇಳಿ ಸಲೀಸು ಅಂದುಕೊಂಡಿದ್ದೆ. ಇಳಿದ ಮೇಲೆ ಗೊತ್ತಾಯಿತು, ಇದು ಕಟಕಟೆಯಿಲ್ಲದ ಮೆಟ್ಟಿಲು.

ಆರು ತಿಂಗಳ ಹಿಂದೆ ಲೈಬ್ರರಿಯ ಲಿಫ್ಟು ಎರಡನೇ ಮಹಡಿಯಲ್ಲಿ ಸಿಕ್ಕಿಕೊಂಡಿತು. ರಿಪೇರಿಗೆ ಹೋದವನು ಕೆಳಗೆ ಪಿಟ್ಟಿನಲ್ಲಿದ್ದೆ. ಪಿಟ್ಟು ನೀನು ನೋಡಿದ್ದೀಯ, ಲಿಫ್ಟಿನ ಬಾವಿಯ ತಳದಲ್ಲಿ ಎದೆಮಟ್ಟದ ಗುಂಡಿ. ಒಮ್ಮೆ ಗಿಣಿಗೆ ತೋರಿಸಲು ಇಳಿಸಿ, ಅವಳ ಫ್ರಾಕಿಗೆ ಗ್ರೀಸು ಮೆತ್ತಿಸಿ ನಿನ್ನಿಂದ ಬೈಸಿಕೊಂಡಿದ್ದೆ. ನೋಡು, ಹೆಸರು ಬಂದೇಬಿಟ್ಟಿತು. ಏಳು ವರ್ಷಕ್ಕೇ ನಮ್ಮನ್ನು ಬಿಟ್ಟುಹೋದ ಮಗಳ ಹೆಸರನ್ನು ನಾನೂ ನೀನೂ ಈ ನಾಲ್ಕು ವರ್ಷ ಒಬ್ಬರ ಮುಂದೊಬ್ಬರು ಹೇಳಲಿಲ್ಲ.

ಬಾವಿಯಲ್ಲಿ ಮಾತು ಮೇಲಿನಿಂದ ಕೆಳಕ್ಕೆ ಚೆನ್ನಾಗಿ ಇಳಿಯುತ್ತದೆ. ಮೇಲೆ ಓದುವ ಕೋಣೆಯಲ್ಲಿ ಒಬ್ಬ ಹೆಂಗಸು ಏನೋ ಓದುತ್ತಿದ್ದಳು. ಸತ್ತುಹೋದ ತಾಯಿಯ ರವಿಕೆಯೊಂದನ್ನು ಬಿಚ್ಚಿ ನೋಡಿದರೆ ಮೂರು ಸಾಲು ಹೊಲಿಗೆ. ತಾಯಿ ಸೊರಗಿದ ಹಾಗೆಲ್ಲ ಯಾರಿಗೂ ಹೇಳದೆ ತಾನೇ ಮೂರು ಸಲ ಬಿಗಿ ಮಾಡಿಕೊಂಡಿದ್ದಳು. ಅಷ್ಟೇ. ‘ಅಯ್ಯೋ ವಿಧಿಯೇ’ ಇಲ್ಲ, ‘ಕಣ್ಣೀರ ಧಾರೆ’ ಇಲ್ಲ. ನಾನು ಕೈಯಲ್ಲಿ ಗ್ರೀಸಿನ ಡಬ್ಬಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಆಮೇಲೆ ಗೊತ್ತಾಯಿತು, ಆಕೆ ಟೈಲರ್, ಅಲ್ಲಿ ಭಾನುವಾರದ ಪದ್ಯದ ಪಾಠ ನಡೆಯುತ್ತದೆ, ಹೇಳಿಕೊಡುವವರು ನಿವೃತ್ತ ಲೈಬ್ರರಿಯನ್. ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ. ಮುಂದಿನ ಭಾನುವಾರ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ನಾನೂ ಹೋಗಿ ಕುಳಿತೆ.

ನನ್ನ ಕಿಸೆಯಲ್ಲಿ ಏನಿತ್ತು ಹೇಳು? ಗಿಣಿ ಹೋದ ಮೊದಲ ವರ್ಷಕ್ಕೆ ಪೇಪರಿನಲ್ಲಿ ಫೋಟೋ ಜೊತೆ ಹಾಕಿಸಿದ್ದೆನಲ್ಲ, ಅದೇ ಪದ್ಯದ ಕಟಿಂಗ್. ನಿನ್ನ ತಾಯಿ ಅದನ್ನು ಕಟ್ಟು ಹಾಕಿಸಿ ಗೋಡೆಗೆ ಹೊಡೆದಿದ್ದಾರೆ. ನಾಚಿಕೆ ಬಿಟ್ಟು ಮತ್ತೆ ಬರೆಯುತ್ತೇನೆ:

ಕೇಳಲಿಲ್ಲ ಕಂದಾ ನಿನ್ನ ಕೊನೆಯ ಕರೆ,
ಕಣ್ಣೀರಲ್ಲಿ ನೆನೆದುಹೋಯ್ತು ನಮ್ಮ ಧರೆ,
ವಿಧಿಯು ತಂದ ತೆರೆಯ ಹಿಂದೆ ಆದೆ ಮರೆ,
ಹೊರಲಾರೆವು ತಾಯಿ ತಂದೆ ಇಂಥ ಹೊರೆ.

ಅಂದು ಫೋನು ಕೇಳಿಸದೆ ಹೋದ ಕಥೆ ಹೇಳಿ, ಇದನ್ನೋದಿ ಎಲ್ಲರೂ ಅತ್ತರು ಅಂತ ಮೇಡಂಗೆ ಹೆಮ್ಮೆಯಿಂದಲೇ ಹೇಳಿದೆ. ಅವರು ಅಳಲಿಲ್ಲ. ಕನ್ನಡಕ ಮೇಲೆ ಮಾಡಿ, ಕೊನೆಯ ಕರೆ ಅಂದ್ರಲ್ಲ, ಫೋನ್ ಮಾಡಿದ್ದು ಮಗುವಾ, ತಾಯಿನಾ ಅಂತ ಕೇಳಿದರು. ತಾಯಿ ಮೇಡಂ, ಅದು ಸುಮ್ನೆ ಪ್ರಾಸಕ್ಕೆ ಬಂತು ಅಂದೆ. ಪ್ರಾಸಕ್ಕೆ ಬಂದಿದ್ದನ್ನೆಲ್ಲ ಪ್ರಾಸದ ಜೊತೇಲೇ ಕಳಿಸಿಬಿಡಿ, ಆಮೇಲೆ ಏನು ಉಳಿಯುತ್ತೋ ತಗೊಂಡು ಬನ್ನಿ ಅಂದರು. ಮನೆಗೆ ಬಂದು ಪೆನ್ಸಿಲ್ ಹಿಡಿದು ಕುಳಿತೆ. ಕರೆ, ಧರೆ, ಮರೆ, ಹೊರೆ ಹೋದವು. ಅವುಗಳ ಬೆನ್ನಿಗೆ ವಿಧಿಯೂ ಹೋಯಿತು. ಉಳಿದದ್ದು ‘ಕೇಳಲಿಲ್ಲ’ ಎಂಬ ಒಂದೇ ಮಾತು. ಅದನ್ನೂ ಹೊಡೆದುಹಾಕಬೇಕಾದೀತು ಎಂದು ನನಗೆ ಆ ದಿನವೇ ಗೊತ್ತಿತ್ತು, ಆದರೆ ಪೆನ್ಸಿಲ್ ಕೆಳಗಿಟ್ಟು ಕಾಫಿಗೆ ನೀರಿಟ್ಟೆ.

ಎರಡನೆಯ ಪದ್ಯ ಬರೆದೆ. ಎಲ್ಲರಿಗೂ ಹೇಳಿದ ಕಥೆಯನ್ನೇ ಸಣ್ಣ ಸಣ್ಣ ಸಾಲು ಮಾಡಿದೆ: ನಾನು ಕೆಳಗೆ ಪಿಟ್ಟಿನಲ್ಲಿದ್ದೆ, ಫೋನು ಹದಿನಾಲ್ಕು ಮಹಡಿ ಮೇಲೆ ಮೆಷಿನ್ ರೂಮಿನಲ್ಲಿತ್ತು, ಹೆಂಡತಿ ಮೂರು ಸಲ ಕರೆದಳು, ಕೇಳಿಸಲಿಲ್ಲ. ಇದು ಪದ್ಯ ಅಲ್ಲ, ಗದ್ಯನ ಹುರುಳಿಕಾಯಿ ಥರ ಹೆಚ್ಚಿದ್ದೀರಿ ಅಂದರು ಮೇಡಂ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಾಲು ಎಲ್ಲಿ ಬೇಕಾದರೂ ಮುರಿಯಬಹುದು ಅಂತ ಹೇಳಿದ್ದು ಯಾರು, ಮುಂದಕ್ಕೆ ಹೋಗೋಕೆ ಭಯ ಆಗುವ ಕಡೆ ಮುರೀರಿ ಅಂದರು. ನನಗೆ ಭಯವಾಗುವ ಕಡೆ ಸಾಲೇ ಇರಲಿಲ್ಲವಲ್ಲ.

ನಿಯಮ ಇಲ್ಲವೆಂದಲ್ಲ, ಇವಳೇ. ಲಿಫ್ಟಿನಲ್ಲಿ ನಿಂತವರಿಗೆ ಹಗ್ಗ ಕಾಣುವುದಿಲ್ಲ, ಎದುರು ತೂಕದ ಕಬ್ಬಿಣ ಕಾಣುವುದಿಲ್ಲ. ಸುಮ್ಮನೆ ಏರಿದ ಹಾಗಿರುತ್ತದೆ. ಈ ಪದ್ಯವೂ ಹಾಗೆ. ಒಂದು ಕಡೆ ಹಗುರವಾಗಿ ಹೇಳಿದರೆ ಇನ್ನೊಂದು ಕಡೆ ಅಷ್ಟೇ ಭಾರ ಇಳಿದಿರಬೇಕು. ಇದನ್ನು ತಿಳಿದುಕೊಳ್ಳಲು ನನಗೆ ಮೂರು ತಿಂಗಳು ಬೇಕಾಯಿತು. ಕಂಡಲ್ಲೆಲ್ಲ ‘ಕರುಣೆಯಿಲ್ಲದ’, ‘ಕಡುದುಃಖದ’ ಎಂದು ಹಾಕುತ್ತಿದ್ದೆ, ಟೈಲರ್ ಅಕ್ಕ ಅವನ್ನೆಲ್ಲ ನೇತಾಡುವ ದಾರ ಕತ್ತರಿಸಿದ ಹಾಗೆ ಕತ್ತರಿಸುತ್ತಿದ್ದಳು.

ನಾಲ್ಕನೇ ತಿಂಗಳು ಮೇಡಂ ಒಂದು ಅಭ್ಯಾಸ ಕೊಟ್ಟರು. ಯಾವುದಾದರೂ ಒಂದು ಗಳಿಗೆ ಆರಿಸಿಕೊಳ್ಳಿ, ಆಗ ಕೈಗೆಟುಕುವಷ್ಟು ಹತ್ತಿರ ಏನೇನು ಅಲ್ಲಾಡುತ್ತಿತ್ತೋ ಅದಷ್ಟನ್ನೇ ಬರೀರಿ, ಮನಸ್ಸಿನ ಮಾತು ಒಂದೂ ಬೇಡ ಅಂದರು. ಹತ್ತು ನಿಮಿಷ. ನಾನು ಆ ದಿನದ ಬೆಳಿಗ್ಗೆಯನ್ನೇ ತೆಗೆದುಕೊಂಡೆ, ನನಗೆ ಬೇರೆ ಯಾವ ಗಳಿಗೆ ಇದೆ? ತೂಗುವ ಕೈದೀಪದ ನೆರಳು, ಗೋಡೆಯ ಮೇಲೊಂದು ಜಿರಲೆ, ಒರೆಸುವ ಬಟ್ಟೆಯ ತುದಿ ಎಂದೆಲ್ಲ ಕೈಗೆ ಬಂದ ಹಾಗೆ ಗೀಚಿದೆ. ಸರದಿ ಬಂದಾಗ ಎದ್ದು ಓದಿದೆ. ಓದುತ್ತಾ ಓದುತ್ತಾ ಈ ಸಾಲು ಬಂತು: ಪೆಟ್ಟಿಗೆಯ ಮುಚ್ಚಳದ ಮೇಲೆ ಫೋನು ಅದುರುತ್ತಾ ಹತ್ತನೇ ನಂಬರಿನ ಸ್ಪ್ಯಾನರಿನ ತನಕ ಬಂತು.

ಟೈಲರ್ ಅಕ್ಕ ಮೈ ಜುಮ್ಮೆಂದಿತು ಅಂತ ತೋಳು ಸವರಿಕೊಂಡಳು. ಇಷ್ಟು ದಿನದಲ್ಲಿ ನೀವು ಬರೆದ ಒಳ್ಳೇ ಸಾಲು ಇದೊಂದೇ ಕಣ್ರೀ ಅಂದಳು. ನನಗೆ ಮೊದಲು ಆದದ್ದು ಖುಷಿ. ಅದನ್ನು ಮುಚ್ಚಿಡುವುದಿಲ್ಲ. ಮಗಳು ಸತ್ತ ಗಳಿಗೆಯ ಬಗ್ಗೆ ಬರೆದು, ಸಾಲು ಚೆನ್ನಾಗಿದೆ ಎಂದದ್ದಕ್ಕೆ ಹಿಗ್ಗಿದೆ. ಆಮೇಲೆ ಮೇಡಂ ಕೇಳಿದರು, ಫೋನು ಹದಿನಾಲ್ಕು ಮಹಡಿ ಮೇಲಿತ್ತು ಅಂದಿದ್ರಲ್ಲ, ಇಲ್ಲಿ ಮುಚ್ಚಳದ ಮೇಲೆ ಹೇಗೆ ಬಂತು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕಿಸೆ ಮುಟ್ಟಿ ನೋಡಿಕೊಂಡೆ. ಅದು ಕಲ್ಪನೆ ಮೇಡಂ ಅಂದೆ. ಕಲ್ಪನೆಗೆ ಸ್ಪ್ಯಾನರ್ ನಂಬರ್ ಗೊತ್ತಿರಲ್ಲ ಅಂತ ಮೆಲ್ಲಗೆ ಅಂದು, ಮುಂದಿನವರನ್ನು ಓದಲು ಕರೆದರು.

ಮೂರು ವಾರ ಆ ಕಡೆ ತಲೆ ಹಾಕಲಿಲ್ಲ. ಈಗ ನಿನಗೆ ಅರ್ಥವಾಗಿರಬೇಕು. ಆದರೂ ನಾನೇ ಬರೆಯಬೇಕು, ನಿನ್ನ ಊಹೆಗೆ ಬಿಟ್ಟರೆ ಅದೂ ಒಂದು ಜಾರಿಕೊಳ್ಳುವಿಕೆ.

ಫೋನು ಮೆಷಿನ್ ರೂಮಿನಲ್ಲಿರಲಿಲ್ಲ. ನನ್ನ ಪಕ್ಕದಲ್ಲಿತ್ತು. ಗಿಣಿಗೆ ಸ್ಕೂಲು ರಜೆಯಿದ್ದ ಆ ಬೆಳಿಗ್ಗೆ ನಾವು ಜಗಳವಾಡಿದ್ದೆವು, ನೆನಪಿದೆಯಲ್ಲ. ಊರವರಿಗೆಲ್ಲ ಪದ್ಯ ಬರೀತೀರಿ, ಮಗಳ ಸ್ಕೂಲ್ ಡೈರಿಗೆ ಒಂದು ಸಹಿ ಹಾಕೋಕೆ ಪುರುಸೊತ್ತಿಲ್ಲ ನಿಮಗೆ ಅಂದೆ ನೀನು. ನಿಜ ಅಂದದ್ದಕ್ಕೇ ನನಗೆ ಉರಿಯಿತು. ಬಾಗಿಲು ದಬ್ಬಿಕೊಂಡು ಹೋದೆ. ಹನ್ನೊಂದು ಹತ್ತಕ್ಕೆ ನಿನ್ನ ಹೆಸರು ಫೋನಿನಲ್ಲಿ ಬಂದಾಗ ಬೆಳಗಿನ ಜಗಳ ಮುಂದುವರಿಸಲು ಮಾಡುತ್ತಿದ್ದೀಯ ಅಂದುಕೊಂಡೆ. ಎರಡನೇ ಸಲವೂ ಹಾಗೇ ಅಂದುಕೊಂಡೆ. ಮೂರನೇ ಸಲ ಹಾಗೆ ಅಂದುಕೊಂಡೆನೋ ಇಲ್ಲವೋ, ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಜೊತೆಯವನಿಗೆ ಅಂದು ರಜೆ. ಆ ಗುಂಡಿಯಲ್ಲಿ ನಾನೊಬ್ಬನೇ. ಬೈಕ್ ಹೊರಗೇ ನಿಂತಿತ್ತು. ಮನೆಗೆ ಎಂಟು ನಿಮಿಷದ ದಾರಿ.

ನೀನು ನನಗಾಗಿ ಕಾದೆ. ಗಿಣಿಗೆ ಉಬ್ಬಸ ಎಷ್ಟೋ ಸಲ ಬಂದಿತ್ತು, ಪ್ರತಿ ಸಲವೂ ನಾನು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದು ಔಷಧಿಯ ಹೊಗೆ ಕೊಡಿಸಿಕೊಂಡು ಬರುತ್ತಿದ್ದೆ, ಹಾಗಾಗಿ ಕಾದೆ. ಪಕ್ಕದ ಮನೆ ತಟ್ಟುವ ಹೊತ್ತಿಗೆ ಕಾಲು ಗಂಟೆ ಹೋಗಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿನ್ನ ತಾಯಿ, ನಿನ್ನ ಅಕ್ಕ, ಭಾವ, ನನ್ನ ಅಣ್ಣ ಎಲ್ಲರ ಮುಂದೆ ನೀನು ನನ್ನ ಕಾಲು ಹಿಡಿದುಕೊಂಡೆ. ನಾನು ಮಹಡಿ ಮೇಲೆ ಬಟ್ಟೆ ಒಣಗಿಸ್ತಾ ನಿಂತುಬಿಟ್ಟೆ ಕಣ್ರೀ, ಅವಳನ್ನ ಒಂಟಿ ಬಿಟ್ಟೆ, ನಾನೇ ಕೊಂದೆ ಅಂತ. ನಾನೇನು ಮಾಡಿದೆ? ನಿನ್ನನ್ನು ಎಬ್ಬಿಸಿದೆ. ನಿನ್ನ ತಪ್ಪೇನಿಲ್ಲ ಬಿಡು ಅಂದೆ. ಎಂಥ ದೊಡ್ಡ ಮನಸ್ಸು ಅಂತ ನಿನ್ನ ತಾಯಿ ನನ್ನ ಕೈ ಕಣ್ಣಿಗೊತ್ತಿಕೊಂಡರು. ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ ನಾನು.

ಅಂದಿನಿಂದ ನೀನು ಮಹಡಿ ಹತ್ತಲಿಲ್ಲ. ಬಟ್ಟೆಯನ್ನೆಲ್ಲ ಕೋಣೆಯೊಳಗೇ ಹಗ್ಗ ಕಟ್ಟಿ ಒಣಗಿಸಿದೆ. ಹಾಸಿಗೆ, ದಿಂಬು, ನನ್ನ ಯೂನಿಫಾರಂ ಎಲ್ಲ ಮುಗ್ಗಲು ವಾಸನೆ. ಆ ಹಸಿ ಬಟ್ಟೆಗಳ ಸಾಲಿನಡಿ ತಲೆ ಬಗ್ಗಿಸಿ ಒಂದೂವರೆ ವರ್ಷ ಓಡಾಡಿದೆ, ಬಾಯಿ ಬಿಡಲಿಲ್ಲ. ನಿನಗೆ ನನ್ನ ಜೊತೆ ಇರಲಾಗದೆ ಹೋದದ್ದು ನನ್ನ ಮೇಲಿನ ಸಿಟ್ಟಿಗಲ್ಲ. ನಿಮ್ಮ ಮುಖ ನೋಡಿದರೆ ನನ್ನ ತಪ್ಪೇ ಕಾಣುತ್ತೆ ಅಂತ ಚೀಟಿ ಬರೆದಿಟ್ಟು ಹೋದೆ. ಆ ಚೀಟಿ ಇನ್ನೂ ನನ್ನ ಬಳಿ ಇದೆ. ಅದರಲ್ಲಿ ಹೊಡೆದುಹಾಕುವಂಥ ಪದ ಒಂದೂ ಇಲ್ಲ. ಮೇಡಂ ಹೇಳುವ ಒಳ್ಳೆಯ ಬರವಣಿಗೆ ಅದೇ ಇರಬೇಕು.

ನಾಲ್ಕನೇ ವಾರ ಮತ್ತೆ ಹೋದೆ, ಪದ್ಯವನ್ನು ಪೂರ್ತಿ ಮಾಡಿ ಒಯ್ದೆ. ನಿನಗೂ ಕಳಿಸುತ್ತಿದ್ದೇನೆ.

ಹನ್ನೊಂದು ಹತ್ತು.
ಲಿಫ್ಟಿನ ತಳದ ಗುಂಡಿಯಲ್ಲಿ
ಸ್ಪ್ರಿಂಗಿಗೆ ಗ್ರೀಸು ಹಚ್ಚುತ್ತಿದ್ದೆ.
ಪೆಟ್ಟಿಗೆಯ ಮುಚ್ಚಳದ ಮೇಲೆ ಫೋನು
ಅದುರುತ್ತಾ ಅದುರುತ್ತಾ
ಹತ್ತನೇ ನಂಬರಿನ ಸ್ಪ್ಯಾನರಿನ ತನಕ ಬಂತು.
ಹೆಸರು ನೋಡಿದೆ.
ಕೈಯಲ್ಲಿ ಗ್ರೀಸಿತ್ತು.
ಒರೆಸಿಕೊಳ್ಳಲು ಬಟ್ಟೆಯೂ ಇತ್ತು.

ಎರಡನೇ ಸಲ ಸ್ಪ್ಯಾನರನ್ನು ತಳ್ಳಿತು.
ಮೂರನೇ ಸಲ
ಬಟ್ಟೆಯನ್ನು ಫೋನಿನ ಮೇಲೆ ಹಾಕಿದೆ.

ಆಮೇಲೆ ಗ್ರೀಸು
ಎಲ್ಲ ಕಡೆ
ಸಮವಾಗಿ ಹಚ್ಚಿದೆ.

ಓದಿ ಮುಗಿಸಿದಾಗ ಟೈಲರ್ ಅಕ್ಕ ಕತ್ತರಿ ತೆಗೆಯಲಿಲ್ಲ. ಮೇಡಂ ನೀರಿನ ಲೋಟ ನನ್ನ ಕಡೆ ಸರಿಸಿದರು. ಪಾಠಕ್ಕೆ ಬರುವ ಹನ್ನೆರಡು ಜನರ ಪದ್ಯ ಸೇರಿಸಿ ಲೈಬ್ರರಿಯವರು ಒಂದು ಸಣ್ಣ ಪುಸ್ತಕ ತರುತ್ತಿದ್ದಾರೆ, ಇದೇ ಮೊದಲ ಪದ್ಯವಾಗಲಿ ಅಂತ ಎಲ್ಲರೂ ಅಂದರು. ಒಬ್ಬರನ್ನು ಕೇಳಬೇಕು ಅಂದೆ. ಶುಕ್ರವಾರ ಅಚ್ಚಿಗೆ ಹೋಗುತ್ತೆ, ಅಷ್ಟರೊಳಗೆ ಕೇಳಿ ಅಂದರು ಮೇಡಂ.

ಅದಕ್ಕೇ ಈ ಕಾಗದ. ಬೇಡ ಎಂದರೆ ಹರಿದುಹಾಕುತ್ತೇನೆ. ಬೇಸರವಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಜೀವಮಾನದಲ್ಲಿ ನೆಟ್ಟಗೆ ಬರೆದದ್ದು ಇದೊಂದೇ. ಆದರೆ ಪದ್ಯ ಅಚ್ಚಾಗದಿದ್ದರೂ ವಿಷಯ ನಿನಗೆ ತಲುಪಿದರೆ ಸಾಕು. ನೀನು ಬಟ್ಟೆ ಒಣಗಿಸಿದ್ದು ಇಪ್ಪತ್ತು ನಿಮಿಷ. ಎಲ್ಲ ತಾಯಂದಿರೂ ಒಣಗಿಸುತ್ತಾರೆ. ಇಳಿದು ಬಂದವಳೇ ಕರೆದೆ, ಮೂರು ಸಲ ಕರೆದೆ. ನಾನು ಇದ್ದೂ ಇಲ್ಲದವನಾದೆ. ಅಕ್ಕನ ಮನೆಯಲ್ಲೂ ನೀನು ಕೋಣೆಯೊಳಗೇ ಹಗ್ಗ ಕಟ್ಟಿದ್ದೀಯಂತೆ, ನನ್ನ ಅಣ್ಣ ಹೇಳಿದ. ಬಿಚ್ಚಿಹಾಕು. ನಾಳೆ ಬಿಸಿಲಿದ್ದರೆ ಮೇಲೆ ಹೋಗು. ನಿನ್ನ ತಾಯಿಗೂ ಈ ಕಾಗದ ತೋರಿಸು. ಗೋಡೆಯ ಮೇಲಿನ ಆ ಕಟ್ಟು ತೆಗೆಯಲಿ. ನನ್ನನ್ನು ಬೈಯಲಿ, ಶಪಿಸಲಿ, ನನಗೆ ಅದು ನಾಲ್ಕು ವರ್ಷದ ಹಿಂದೆಯೇ ಸಲ್ಲಬೇಕಿತ್ತು.

ಇಷ್ಟಾದರೂ ನಿನ್ನ ಬಳಿ ಒಂದು ಸಮಾಧಾನ ಇದೆ, ಅದಿರಲಿ. ಇಳಿದು ಬಂದಾಗ ನಿನ್ನ ಫೋನು ಅವಳ ಕೈಯಲ್ಲಿತ್ತು, ಆ ಮೀನಿನ ಆಟ ಆಡುತ್ತಲೇ ಮಂಪರಿಗೆ ಜಾರಿದ್ದಳು, ಹೆದರಿರಲಿಕ್ಕಿಲ್ಲ ಎಂದು ನೀನು ಯಾವಾಗಲೂ ಹೇಳುತ್ತಿದ್ದೆ. ಹಾಗೇ ಇರಲಿ.

ಪದ್ಯದಲ್ಲಿ ತೆಗೆಯುವಂಥದ್ದು ಏನೂ ಇಲ್ಲವಂತೆ. ಬಾಗಿಲ ತನಕ ಬಂದ ಮೇಡಂ ಮಾತ್ರ, ಇದು ಸ್ವಲ್ಪ ತಡವಾಗಿ ಶುರುವಾಗುತ್ತೆ ಅನ್ಸುತ್ತೆ, ಮೊದಲ ಸಾಲು ಇನ್ನೂ ನಿಮ್ಮ ಹತ್ರಾನೇ ಇದೆ ಅಂದರು. ಅವರು ಹೇಳಿದ್ದು ನನಗೆ ಅರ್ಥವಾಗಲಿಲ್ಲ.

ಮೈ ನೋಡಿಕೋ. ಉತ್ತರ ಬರೆಯಲೇಬೇಕೆಂದಿಲ್ಲ, ಬರದಿದ್ದರೆ ಪದ್ಯ ಬೇಡ ಎಂದುಕೊಳ್ಳುತ್ತೇನೆ.

ಇಂತಿ,
ಗಿಣಿಯ ಅಪ್ಪ

ತಾ.ಕ.: ಕವರಿಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ಮೇಡಂ ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಮೂರು ಕರೆಯಲ್ಲ, ನಾಲ್ಕು. ಮೊದಲನೆಯದು ಹತ್ತು ಐವತ್ತಾರಕ್ಕೆ ಬಂತು, ಅದನ್ನು ಎತ್ತಿದೆ. ಮಾತಿಲ್ಲ, ಉಸಿರು ಮಾತ್ರ. ಜಗಳವಾದ ದಿನ ನೀನು ಫೋನ್ ಮಾಡಿ, ಮೊದಲು ನಾನೇ ಸೋಲಲಿ ಎಂದು ಬಾಯಿ ಬಿಡದೆ ನಿಲ್ಲುತ್ತಿದ್ದೆಯಲ್ಲ, ಹಾಗೇ ಅಂದುಕೊಂಡೆ. ಗಿಣಿಯಾದರೆ ಫೋನು ಕಿವಿಗಿಟ್ಟ ಕೂಡಲೇ ವಟಗುಟ್ಟುವವಳು, ಅವಳಿರಬಹುದೆಂದು ಹೊಳೆಯಲೇ ಇಲ್ಲ. ಸಾಕು ಮಾಡು ನಿನ್ನ ನಾಟಕ ಅಂತ ಹೇಳಿ ಇಟ್ಟುಬಿಟ್ಟೆ. ಆಸ್ಪತ್ರೆಯಲ್ಲಿ ನೆಂಟರಿಗೆ ತಿಳಿಸಲು ನಿನ್ನ ಫೋನು ಇಸಿದುಕೊಂಡಾಗ ಆ ಕರೆ ಕಂಡಿತು, ಆ ಹೊತ್ತಿಗೆ ನೀನು ಮಹಡಿ ಮೇಲಿದ್ದೆ ಎಂಬುದೂ ಹೊಳೆಯಿತು. ಅಳಿಸಿಹಾಕಿದೆ. ಅವಳು ಆಟ ಆಡುತ್ತಿರಲಿಲ್ಲ.